ಪರರ ಕೂಸು, ತನ್ನ ಮನೆ

ಕೂಸನ್ನು ಸಾಕುವುದು ಹೆತ್ತ ತಾಯಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲವೆಂದು ನಮ್ಮ ಹಿರಿಯರು ಹೇಳುವುದುಂಟು. ಆ ಮಾತು ಪೂರ್ತಿ ನಿಜವೆಂದಾಗಲಿ ಪೂರ್ತಿ ಸುಳ್ಳೆಂದಾಗಲಿ ನಾವು ಹೇಳಲಾರೆವು. ಆದರೆ ಪರರು ಹೆತ್ತ ಕೂಸನ್ನು ಸಂಬಳಕ್ಕಾಗಿ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವಳಿಗೆ ವಿದ್ಯೆ ಬೇಕೆ, ಬೇಡವೆ? ಬೇಕಾದರೆ ಅದನ್ನು ಕಲಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ? ಮೂವತ್ತೈದು ವರ್ಷಗಳ ಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದು ನಿವೃತ್ತರಾದ ನಾವು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡವರಲ್ಲ. ಅದನ್ನು ನಮ್ಮ ಮುಂದಿಟ್ಟವರು ಸ್ಕಾಟ್ಲೆಂಡ್ ದೇಶದ ಒಬ್ಬ ಗೃಹಿಣಿ. ಆ ವೃತ್ತಾಂತವನ್ನು ವಾಚಕ ಮಹಾಶಯರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

2024ನೆಯ ಇಸವಿ ಮೇ ತಿಂಗಳಿನಲ್ಲಿ ನಾವೂ ನಮ್ಮ ಮನೆಯವರೂ ಮಗಳನ್ನು ನೋಡಿಬರಲು ಸ್ಕಾಟ್ಲೆಂಡಿಗೆ ಹೋಗಿದ್ದೆವು. ಗ್ಲಾಸ್ಗೋ ನಗರದಿಂದ ಕೆಲವು ಮೈಲಿ ದೂರದಲ್ಲಿ, ಕ್ಲೈಡ್ ನದಿಯ ಸೀಮೆಯಲ್ಲಿ, ಅವರ ಊರು. ಮಗಳೂ ಅಳಿಯಂದಿರೂ ಇಬ್ಬರೂ ಉದ್ಯೋಗಸ್ಥರು. ಮೊಮ್ಮಗಳಿಗೆ ಆಗತಾನೆ ಮೂರು ವರ್ಷ ತುಂಬಿತ್ತು. ಸಂದರ್ಶಕರಾಗಿ ಹೋದವರಿಗೆ ಆ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಅವಧಿ ಆರು ತಿಂಗಳು. ಆ ಆರು ತಿಂಗಳು ಮಗುವಿಗೆ ಅಜ್ಜಿಯ ಮಡಿಲು ಉಂಟು. ಆಮೇಲೆ ಏನು ಗತಿಯೆಂಬುದೇ ನಮ್ಮ ಮನೆಯವರ ಚಿಂತೆಯಾಗಿತ್ತು.

ಒಂದು ದಿನ ಮಗಳು, “ಅಮ್ಮಾ, ನೀನು ಸುಮ್ಮನೆ ಕೊರಗಬೇಡ. ಪಕ್ಕದ ಬೀದಿಯಲ್ಲಿ ಒಬ್ಬರಿದ್ದಾರೆ. ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಆಗಸ್ಟಿನಿಂದ ಇವಳು ಅಲ್ಲಿಗೆ ಹೋಗುತ್ತಾಳೆ. ಹಣವನ್ನು ಸರ್ಕಾರವೇ ಕೊಡುತ್ತದೆ,” ಎಂದಳು.

ನಮ್ಮ ಮನೆಯವರು, “ಮಗುವನ್ನು ಪಕ್ಕದ ಬೀದಿಯವರು ನೋಡಿಕೊಳ್ಳುವುದಕ್ಕೆ ಸರ್ಕಾರ ಹಣ ಕೊಡುವುದೆ? ಹಾಗಾದರೆ ನನಗೆ ಯಾಕೆ ಕೊಡುವುದಿಲ್ಲ?” ಎಂದು ನಕ್ಕರು. ನಗೆಮಾತಾದರೂ ಪ್ರಶ್ನೆ ನ್ಯಾಯವಾದದ್ದೇ. ಬಂಧುಗಳ ಆರೈಕೆಯನ್ನು ಆ ದೇಶದ ಕಾನೂನು ವೃತ್ತಿಯೆಂದು ಗಣಿಸುವುದಿಲ್ಲ. ಅಜ್ಜಿಗೆ ನೋಂದಣಿಯೂ ಇಲ್ಲ, ಸಂಭಾವನೆಯೂ ಇಲ್ಲ.

ಇಂಗ್ಲಿಷಿನಲ್ಲಿ ಚೈಲ್ಡ್‌ಮೈಂಡರ್ ಎಂದು ಕರೆಯುವ ಈ ವೃತ್ತಿಯವರನ್ನು ಕನ್ನಡದಲ್ಲಿ ಶಿಶುಪಾಲಕಿಯೆಂದು ಕರೆಯೋಣವೆಂದು ನಮಗೆ ತೋರಿತು. ಒಡನೆಯೇ ಶಿಶುಪಾಲನ ನೆನಪಾಗಿ ನಗೆ ಬಂದಿತು. ಶ್ರೀಕೃಷ್ಣನು ಅವನ ನೂರು ಅಪರಾಧಗಳನ್ನು ಕ್ಷಮಿಸಿದನಷ್ಟೆ. ಇಲ್ಲಿಯಾದರೋ ದಿನವೊಂದಕ್ಕೆ ನೂರು ಅಪರಾಧಗಳನ್ನು ಶಿಶುಗಳೇ ಮಾಡುವುವು, ಕ್ಷಮಿಸಬೇಕಾದವಳು ಶಿಶುಪಾಲಕಿ.

ಇನ್ನು ಅಲ್ಲಿಯ ಏರ್ಪಾಡನ್ನು ಸಂಕ್ಷೇಪವಾಗಿ ಹೇಳುವೆವು. 2014ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆಯು ಮಾಡಿದ ಕಾನೂನಿನ ಮೇರೆಗೆ ಮೂರು ಮತ್ತು ನಾಲ್ಕು ವರ್ಷದ ಸಕಲ ಶಿಶುಗಳಿಗೂ ವರ್ಷಕ್ಕೆ 600 ಗಂಟೆಗಳ ಆರೈಕೆ ಮತ್ತು ಪ್ರಾರಂಭಶಿಕ್ಷಣ ಉಚಿತವಾಯಿತು. 2021ರ ಆಗಸ್ಟಿನಿಂದ ಅದು 1,140 ಗಂಟೆಗಳಿಗೆ ಏರಿತು. ಕೆಲವು ಕಷ್ಟದ ಕುಟುಂಬಗಳ ಎರಡು ವರ್ಷದ ಮಕ್ಕಳಿಗೂ ಈ ಸೌಲಭ್ಯ ಉಂಟು. ಶಾಲೆಯ 38 ವಾರಗಳಿಗೆ ಹಂಚಿದರೆ ವಾರಕ್ಕೆ 30 ಗಂಟೆ ಬರುತ್ತದೆ. ಈ ಗಂಟೆಗಳನ್ನು ತಂದೆತಾಯಿಗಳು ಸರ್ಕಾರಿ ಶಿಶುವಿಹಾರದಲ್ಲಾಗಲಿ ಖಾಸಗಿ ಶಿಶುವಿಹಾರದಲ್ಲಾಗಲಿ ಗೃಹಿಣಿಯೊಬ್ಬಳ ಮನೆಯಲ್ಲಾಗಲಿ ಕಳೆಯಿಸಬಹುದು. ಸ್ವಲ್ಪ ಅಲ್ಲಿ, ಸ್ವಲ್ಪ ಇಲ್ಲಿ ಎಂದು ಹಂಚಿಕೊಂಡರೂ ಆದೀತು. ಮಗು ಎಲ್ಲಿಗೆ ಹೋಗುವುದೋ ಹಣ ಅಲ್ಲಿಗೆ ಹೋಗುವುದೆಂಬುದು ಈ ಏರ್ಪಾಡಿನ ಸೂತ್ರ.

ಹಾಗೆಂದು ಬಾಗಿಲು ತೆರೆದ ಮನೆಗಳಿಗೆಲ್ಲ ಹಣ ಹೋಗುವುದೆಂದು ತಿಳಿಯಕೂಡದು. ಮೊದಲು ಆ ದೇಶದ ಆರೈಕೆ ತನಿಖಾ ಸಂಸ್ಥೆಯಲ್ಲಿ ನೋಂದಣಿ ಆಗಬೇಕು. ಅಪರಾಧದ ಹಿನ್ನೆಲೆ ಉಂಟೆ ಎಂಬ ವಿಚಾರಣೆ ನಡೆಯಬೇಕು. ಮನೆಯ ಮೆಟ್ಟಿಲು, ಒಲೆ, ಹಿತ್ತಿಲು ಎಲ್ಲವನ್ನೂ ಅಧಿಕಾರಿಗಳು ಬಂದು ನೋಡುವರು. 16 ವರ್ಷದೊಳಗಿನ ಮಕ್ಕಳು ಒಟ್ಟು 8ಕ್ಕೆ ಮೀರಕೂಡದು. ಅವರಲ್ಲಿ 12 ವರ್ಷದೊಳಗಿನವರು 6, ಶಾಲೆಗೆ ಸೇರದ ಶಿಶುಗಳು 3, ಒಂದು ವರ್ಷ ತುಂಬದ ಕೂಸು 1 ಮಾತ್ರ. ಆಕೆಯ ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಸೇರುವರು. ಇಷ್ಟಾದರೆ ಶಿಶುಪಾಲನೆ ನಡೆಸಲು ಅಡ್ಡಿಯಿಲ್ಲ. ಅದಕ್ಕೆ ಯಾವ ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಸರ್ಕಾರದ ಹಣದ ಗಂಟೆಗಳು ಬೇಕೆಂದರೆ ರಾಷ್ಟ್ರೀಯ ಮಾನದಂಡವೊಂದಕ್ಕೆ ಒಳಪಡಬೇಕು. ಅದರಲ್ಲಿ ಹತ್ತು ವಿಷಯಗಳುಂಟು. ತನಿಖೆಯಲ್ಲಿ ‘ಉತ್ತಮ’ವೆಂಬ ದರ್ಜೆಯಾದರೂ ಬಂದಿರಬೇಕು, ಮಗುವಿಗೆ ಊಟ ಕೊಡಬೇಕು, ಆ ಗಂಟೆಗಳಿಗಾಗಿ ತಂದೆತಾಯಿಗಳಿಂದ ಕಾಸನ್ನೂ ಹೆಚ್ಚಿಗೆ ಕೇಳಕೂಡದು. ಇವೆಲ್ಲಕ್ಕಿಂತ ಕಠಿನವಾದದ್ದು ವಿದ್ಯಾರ್ಹತೆಯ ವಿಷಯ. ಶಿಶುವಿಹಾರದ ಉಪಾಧ್ಯಾಯಿನಿಯರಿಗೆ ಯಾವ ಮಟ್ಟದ ಅರ್ಹತೆ ಬೇಕೋ ಅದನ್ನೇ ಈ ಗೃಹಿಣಿಯೂ ಪಡೆದಿರಬೇಕು, ಇಲ್ಲವೆ ಪಡೆಯುವ ವ್ಯಾಸಂಗದಲ್ಲಿ ತೊಡಗಿರಬೇಕು. ಹೊಸತಾಗಿ ಸೇರುವವರಿಗೆ ಐದು ವರ್ಷಗಳ ಗಡುವು ಉಂಟು. ಆ ದೇಶದ ವಿದ್ಯಾರ್ಹತೆಗಳ ಸೋಪಾನದಲ್ಲಿ 12 ಮೆಟ್ಟಿಲುಗಳು, ಇದು 7ನೆಯದು.

ನಮ್ಮ ಮೊಮ್ಮಗಳ ಶಿಶುಪಾಲಕಿಗೆ ಐವತ್ತು ದಾಟಿತ್ತು. ಇಪ್ಪತ್ತು ವರ್ಷಗಳಿಂದ ಅದೇ ಮನೆಯಲ್ಲಿ ಊರಿನ ಮಕ್ಕಳನ್ನು ನೋಡಿಕೊಂಡವರು. ಹಿಂದೆ ಅವರ ಕೈಯಲ್ಲಿ ತುತ್ತು ತಿಂದ ಮಕ್ಕಳು ಈಗ ಮೀಸೆ ಬಂದ ತರುಣರಾಗಿ ಬೀದಿಯಲ್ಲಿ ನಿಂತು ಕುಶಲ ಕೇಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಅವರು ಹದಿನಾರಕ್ಕೇ ಶಾಲೆ ಬಿಟ್ಟವರು. ಬರೆಯುವುದೆಂದರೆ ಕೈ ನಡುಕ. ಆ ವರ್ಷವೇ ಅವರು ಆ ಅರ್ಹತೆಗಾಗಿ ಹೆಸರು ಕೊಟ್ಟಿದ್ದರು. ಹೆಸರು ಕೊಟ್ಟಿದ್ದುದರಿಂದಲೇ ನಮ್ಮ ಮೊಮ್ಮಗಳ ಗಂಟೆಗಳು ಅವರಲ್ಲಿಗೆ ಬಂದವು. ಅವರು ವ್ಯಾಸಂಗವನ್ನು ನಡುವೆ ಬಿಟ್ಟರೆ ಆ ಏರ್ಪಾಡೂ ಕಡಿದುಹೋಗುವುದು.

ಈ ಅರ್ಹತೆಗೆ ನಮ್ಮಲ್ಲಿಯಂತೆ ಮೂರು ಗಂಟೆಯ ಲಿಖಿತ ಪರೀಕ್ಷೆ ಇಲ್ಲ. ಪರೀಕ್ಷಕರೊಬ್ಬರು ಆಗಾಗ ಮನೆಗೇ ಬಂದು ಒಂದು ಮೂಲೆಯಲ್ಲಿ ಕುಳಿತು ಕೆಲಸವನ್ನು ನೋಡುವರು. ಮಕ್ಕಳೊಡನೆ ಮಾತನಾಡುವ ಬಗೆ, ಆರೋಗ್ಯ ಮತ್ತು ಸುರಕ್ಷತೆ, ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ ಅದನ್ನು ಗುರುತಿಸಿ ಕಾಪಾಡುವ ಕ್ರಮ, ಶಿಶುವಿನ ಬೆಳವಣಿಗೆ, ತನ್ನ ಕೆಲಸವನ್ನು ತಾನೇ ಪರಿಶೀಲಿಸಿಕೊಳ್ಳುವುದು — ಇವು ಅದರ ಮುಖ್ಯ ಭಾಗಗಳು. ಇದರೊಡನೆ ಗೃಹಿಣಿಯು ತಾನು ಮಾಡಿದ ಕೆಲಸಗಳ ವೃತ್ತಾಂತವನ್ನು ಬರೆದು ಒಪ್ಪಿಸುತ್ತಿರಬೇಕು. ಏನು ಮಾಡಿದೆ, ಏಕೆ ಮಾಡಿದೆ, ಇನ್ನೊಮ್ಮೆ ಬಂದರೆ ಬೇರೆ ಬಗೆಯಾಗಿ ಏನು ಮಾಡುವೆ — ಇವು ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು. ಎಲ್ಲವೂ ಮುಗಿಯಲು ವರ್ಷವೋ ಒಂದೂವರೆ ವರ್ಷವೋ ಹಿಡಿಯುವುದುಂಟು.

ಮಕ್ಕಳು ಮನೆಗೆ ಹೋದಮೇಲೆ, ಪಾತ್ರೆ ತೊಳೆದು, ನೆಲ ಒರೆಸಿ, ರಾತ್ರಿ ಒಂಬತ್ತಕ್ಕೆ ಆಕೆ ಊಟದ ಮೇಜಿನ ಮೇಲೆ ಬರೆಯಲು ಕೂರುವರು. ಒಂದು ಸಂಜೆ ಮೊಮ್ಮಗಳನ್ನು ಕರೆತರಲು ಹೋದಾಗ ಅವರ ಕಣ್ಣು ಕೆಂಪಾಗಿತ್ತು. ಮಗಳ ಸಹಾಯದಿಂದ ಮಾತನಾಡಿದೆವು. “ನನಗೆ ಇದು ಆಗದು. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಕಾಗದದ ಮೇಲೆ ಇಡಲು ಬರುವುದಿಲ್ಲ. ಬಿಟ್ಟುಬಿಡುವೆನು,” ಎಂದರು. ನಾವು ಆಗ, “ತಾಯಿ, ನಿಮ್ಮಂಥವರಿಗೆ ಕಾಗದವೇತಕ್ಕೆ? ಈಜು ಬಲ್ಲ ಮೀನಿಗೆ ಪ್ರಮಾಣಪತ್ರವೆ?” ಎಂದೆವು. ಸಮಾಧಾನದ ಮಾತಾಯಿತೆಂದು ನಮ್ಮಷ್ಟಕ್ಕೆ ತೃಪ್ತಿಯೂ ಆಯಿತು. ಆ ಮಾತು ತಪ್ಪೆಂದು ತಿಳಿಯಲು ಮೂರು ವಾರ ಬೇಕಾಯಿತು.

ಆಗ ಅವರಲ್ಲಿಗೆ ಎರಡೂವರೆ ವರ್ಷದ ಹುಡುಗನೊಬ್ಬ ಹೊಸತಾಗಿ ಬರುತ್ತಿದ್ದನು. ಬಂದವನು ಕಾಲಿನ ಬೂಟು ಬಿಚ್ಚಗೊಡನು. ಬೂಟಿನೊಡನೆಯೇ ಕಿಟಕಿಯ ಬಳಿ ನಿಲ್ಲುವನು. ಮನೆಯೊಳಗೆ ಬೂಟು ಕೂಡದೆಂಬುದು ಆಕೆಯ ನಿಯಮ. ಹಿಂದಿನ ಕಾಲವಾಗಿದ್ದರೆ, ಮುದ್ದು ಮಾಡಿಯೋ ಗದರಿಸಿಯೋ, ಎರಡು ನಿಮಿಷದಲ್ಲಿ ಬಿಚ್ಚಿಬಿಡುತ್ತಿದ್ದೆನೆಂದು ಆಕೆಯೇ ಹೇಳಿದರು. ಆದರೆ ಆ ವಾರ ಒಂದು ಮಗುವನ್ನು ಮೂರು ದಿನ ಸುಮ್ಮನೆ ನೋಡಿ ಕಂಡದ್ದನ್ನು ಬರೆಯಬೇಕೆಂಬ ಪಾಠ ಇದ್ದಿತು. ಆಕೆ ಆ ಹುಡುಗನನ್ನೇ ಆರಿಸಿಕೊಂಡರು. ಮೊದಲ ದಿನ ಹಟವೆಂದು ಬರೆದರು. ಎರಡನೆಯ ದಿನ, ಬೀದಿಯಲ್ಲಿ ಕಾರು ಹೋದಾಗಲೆಲ್ಲ ಅವನು ಮೊದಲು ಕಿಟಕಿಯನ್ನೂ ಆಮೇಲೆ ತನ್ನ ಕಾಲನ್ನೂ ನೋಡಿಕೊಳ್ಳುವನೆಂದು ಬರೆದರು. ಮೂರನೆಯ ದಿನ ‘ಹಟ’ವೆಂಬ ಶಬ್ದವನ್ನು ಹೊಡೆದುಹಾಕಿದರು. ಬೂಟು ಕಾಲಿನಲ್ಲಿ ಇದ್ದರೆ ಅಮ್ಮ ಬಂದೊಡನೆ ಹೊರಡಬಹುದು. ಬಿಚ್ಚಿದರೆ ಇಲ್ಲಿಯೇ ಇರಬೇಕಾದೀತು — ಇದು ಆ ಕೂಸಿನ ತರ್ಕ. ಆಕೆ ಒಂದು ಸಣ್ಣ ಪೆಟ್ಟಿಗೆಯನ್ನು ಕಿಟಕಿಯ ಕೆಳಗಿಟ್ಟು, “ನಿನ್ನ ಬೂಟು ಇಲ್ಲಿಯೇ ಇರಲಿ. ನಿನ್ನ ಕಣ್ಣಿಗೆ ಕಾಣುತ್ತಿರಲಿ. ಅಮ್ಮ ಬಂದೊಡನೆ ಹಾಕಿಕೊಳ್ಳೋಣ,” ಎಂದರು. ನಾಲ್ಕನೆಯ ದಿನ ಹುಡುಗ ತಾನೇ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಆಟಕ್ಕೆ ಹೋದನು.

ಈ ಬರಹವನ್ನು ಆಕೆ ನಮಗೆ ಓದಿ ಹೇಳಿದರು. ಕೊನೆಗೆ, “ಮೂರನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ನಿದ್ದೆ ಬರಲಿಲ್ಲ. ಈ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಕೂಸುಗಳ ಬೂಟನ್ನು ಬಲವಂತವಾಗಿ ಬಿಚ್ಚಿದೆನೋ!” ಎಂದರು.

ನಾವು ಉತ್ತರ ಕೊಡಲಿಲ್ಲ. ನಮಗೆ ಬೇರೊಬ್ಬ ಹುಡುಗನ ನೆನಪಾಗಿತ್ತು. ನಮ್ಮ ವೃತ್ತಿಯ ಮೊದಲ ವರ್ಷಗಳಲ್ಲಿ, ಒಂದು ಹಳ್ಳಿಯ ಪಾಠಶಾಲೆಯಲ್ಲಿ, ಒಬ್ಬ ಹುಡುಗ ಹೆಗಲಿನ ಚೀಲವನ್ನು ಕೆಳಗಿಡದೆ ದಿನವೆಲ್ಲ ಕೂರುತ್ತಿದ್ದನು. ನಾವು ಎರಡು ಬಾರಿ ಹೇಳಿದೆವು. ಮೂರನೆಯ ಬಾರಿ ಬೆತ್ತ ಹೇಳಿತು. ಅವನು ಚೀಲವನ್ನು ಇಳಿಸಿದನು. ಆ ವರ್ಷ ಮುಗಿಯುವ ಮೊದಲೇ ಶಾಲೆ ಬಿಟ್ಟನು. ಆ ಚೀಲದಲ್ಲಿ ಏನಿತ್ತು, ಅದನ್ನು ಏಕೆ ಇಳಿಸುತ್ತಿರಲಿಲ್ಲವೆಂದು ನಾವು ಕೇಳಲೇ ಇಲ್ಲ. ನಮ್ಮಲ್ಲಿ ಪದವಿಯೂ ಇದ್ದಿತು, ಶಿಕ್ಷಕ ತರಬೇತಿಯ ಪತ್ರವೂ ಇದ್ದಿತು. ಮೂರು ದಿನ ಸುಮ್ಮನೆ ನೋಡುವ ವಿದ್ಯೆ ಮಾತ್ರ ಇರಲಿಲ್ಲ.

ಅದಾದ ಕೆಲವು ದಿನಗಳಲ್ಲಿ ಅಳಿಯಂದಿರು ನಮ್ಮನ್ನು ನ್ಯೂ ಲ್ಯಾನಾರ್ಕ್ ಎಂಬ ಹಳೆಯ ಗಿರಣಿಯ ಊರಿಗೆ ಕರೆದುಕೊಂಡು ಹೋದರು. 18ನೆಯ ಶತಮಾನದ ಕೊನೆಯಲ್ಲಿ ಕ್ಲೈಡ್ ನದಿಯ ನೀರಿನ ರಭಸದಿಂದ ಹತ್ತಿ ನೂಲುವುದಕ್ಕಾಗಿ ಕಟ್ಟಿದ ಈ ಊರು 2001ರಿಂದ ವಿಶ್ವಪರಂಪರೆಯ ತಾಣವಾಗಿದೆ. 1800ರಲ್ಲಿ ಇದರ ಆಡಳಿತವನ್ನು ವಹಿಸಿಕೊಂಡ ರಾಬರ್ಟ್ ಓವೆನ್ ಎಂಬಾತನು 1816ನೆಯ ಇಸವಿ ಜನವರಿ 1ರಂದು ಗಿರಣಿಯ ಕೆಲಸಗಾರರ ಮಕ್ಕಳಿಗಾಗಿ ವಿದ್ಯಾಲಯವೊಂದನ್ನು ತೆರೆದನು. ಆಗತಾನೆ ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಎಡೆಯಿದ್ದಿತು. ಬ್ರಿಟನ್ನಿನ ಶಿಶುಶಾಲೆಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಅದಕ್ಕೆ ಓವೆನ್ ಆರಿಸಿದ ಉಪಾಧ್ಯಾಯರು ಯಾರೆಂದು ಬಲ್ಲಿರಾ? ಜೇಮ್ಸ್ ಬುಕಾನನ್ ಎಂಬ ನೇಕಾರ ಮತ್ತು ಮಾಲಿ ಯಂಗ್ ಎಂಬ ಹದಿನೇಳು ವರ್ಷದ ಹುಡುಗಿ. ಬುಕಾನನ್‌ಗೆ ಓದುಬರಹವೂ ಸರಿಯಾಗಿ ಬಾರದು; ಮಕ್ಕಳ ಮೇಲೆ ಪ್ರೀತಿ ಮತ್ತು ತೀರದ ತಾಳ್ಮೆ ಮಾತ್ರ ಇದ್ದಿತು. ಓವೆನ್ ಅವರಿಗೆ ಕೊಟ್ಟ ಮೊದಲ ಆಜ್ಞೆ, ಯಾವ ಕಾರಣಕ್ಕೂ ಮಗುವನ್ನು ಹೊಡೆಯಕೂಡದು, ಮಾತಿನಿಂದಾಗಲಿ ಕೃತಿಯಿಂದಾಗಲಿ ಹೆದರಿಸಕೂಡದು ಎಂಬುದು.

ಇಷ್ಟನ್ನೇ ಕೇಳಿದರೆ ನಮ್ಮ ಮೀನಿನ ಉಪಮೆ ಗೆದ್ದಂತೆ ತೋರುವುದು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಬುಕಾನನ್ ಮುಂದೆ ಲಂಡನ್ನಿನಲ್ಲಿ ಮತ್ತೊಂದು ಶಿಶುಶಾಲೆ ನಡೆಸಲು ಹೋದನು. ಓವೆನ್ ಅದನ್ನು ನೋಡಲು ಹೋದಾಗ ಬುಕಾನನನ ಹೆಂಡತಿಯು ಚಾವಟಿ ಹಿಡಿದು ಮಕ್ಕಳನ್ನು ಬೆದರಿಸುತ್ತಿದ್ದಳಂತೆ. ಇದನ್ನು ಓವೆನ್ ತನ್ನ ಆತ್ಮಚರಿತ್ರೆಯಲ್ಲಿಯೇ ವ್ಯಸನದಿಂದ ಬರೆದಿದ್ದಾನೆ. ಒಳ್ಳೆಯ ಮನಸ್ಸು ಒಂದು ಕಡೆ ಕಲಿತ ಒಳ್ಳೆಯ ನಡೆಯು ಇನ್ನೊಂದು ಕಡೆ ತಾನಾಗಿ ಉಳಿಯುವುದೆಂಬ ಭರವಸೆಯಿಲ್ಲ. ಏಕೆ ಹೀಗೆ ಮಾಡುತ್ತಿದ್ದೇವೆಂಬ ವಿವೇಚನೆ ನಿಂತಲ್ಲಿ ಚಾವಟಿ ಮೆಲ್ಲನೆ ಒಳಗೆ ಬರುವುದು. ಆ ವಿವೇಚನೆಯನ್ನು ದಿನವೂ ಎಚ್ಚರದಲ್ಲಿಡುವುದೇ ಅರ್ಹತೆಯ ಪಾಠಗಳ ಸಾರವೆಂದು ನಮಗೆ ಆಗ ಹೊಳೆಯಿತು.

ಇದೇನೂ ಪಾಶ್ಚಾತ್ಯರ ಹೊಸ ಶೋಧವಲ್ಲ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಧಾತ್ರಿಯ, ಅಂದರೆ ಶಿಶುವನ್ನು ಪೋಷಿಸುವ ದಾದಿಯ, ಪರೀಕ್ಷೆಯ ವಿಷಯ ವಿಸ್ತಾರವಾಗಿದೆ. ಶಿಶುವಿನ ಕೋಣೆಯಲ್ಲಿ ಕತ್ತಲೆ ಇರಬಾರದು. ಬಿರುಗಾಳಿ ನುಗ್ಗದಿದ್ದರೂ ಒಂದು ಕಡೆಯಿಂದ ಗಾಳಿ ಆಡುತ್ತಿರಬೇಕು. ಇಲಿ ಹುಳುಗಳ ಬಾಧೆ ಇರಕೂಡದು. ಆಟಿಕೆಗಳು ಬಗೆಬಗೆಯವಾಗಿ, ಶಬ್ದ ಮಾಡುವಂತೆ, ಚೆಲುವಾಗಿ, ಹಗುರವಾಗಿ ಇರಬೇಕು. ಮೊನೆ ಇರಬಾರದು, ಬಾಯೊಳಗೆ ಹೋಗುವಂತಿರಬಾರದು, ನೋಡಿದರೆ ಭಯವಾಗುವಂತಿರಬಾರದು. ಸ್ಕಾಟ್ಲೆಂಡಿನ ತನಿಖಾಧಿಕಾರಿಗಳ ಪಟ್ಟಿಗೂ ಇದಕ್ಕೂ ಎಷ್ಟು ಸಾಮ್ಯ! ಇಷ್ಟಕ್ಕೇ ನಿಲ್ಲದೆ ಆಚಾರ್ಯನು ಇನ್ನೂ ಒಂದು ಮಾತು ಹೇಳುತ್ತಾನೆ. ಮಗು ಅತ್ತರೆ, ಉಣ್ಣದೆ ಹೋದರೆ, ಹೇಳಿದಂತೆ ಕೇಳದಿದ್ದರೆ, ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಅದನ್ನು ಹೆದರಿಸುವುದು ತರವಲ್ಲವೆಂದು. ಸಂಸ್ಕೃತ ಓದಿದ ನಮಗೆ ಈ ಅಧ್ಯಾಯ ಹೊಸದಲ್ಲ. ಓದಿಯೂ ಬೆತ್ತ ಹಿಡಿದೆವು. ಗ್ರಂಥ ಬೇರೆ, ಅಭ್ಯಾಸ ಬೇರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಈ ಏರ್ಪಾಡಿನಲ್ಲಿ ದೋಷವೇ ಇಲ್ಲವೆಂದರೆ ಸತ್ಯಕ್ಕೆ ದೂರವಾದೀತು. ಹಗಲೆಲ್ಲ ಒಬ್ಬಳೇ ಮಕ್ಕಳನ್ನು ನೋಡಿಕೊಳ್ಳುವವಳು ಬರೆಯುವುದು ಯಾವಾಗ? ಶಿಶುವಿಹಾರದ ಉಪಾಧ್ಯಾಯಿನಿಗೆ ಜೊತೆಗಾರರುಂಟು, ಮೇಲಧಿಕಾರಿಯುಂಟು. ಈಕೆಗೆ ಊಟದ ಮೇಜೇ ಕಚೇರಿ. ತನಿಖೆಗೆ ಒಂದು ಬರಹ, ಪುರಸಭೆಗೆ ಒಂದು, ಅರ್ಹತೆಗೆ ಇನ್ನೊಂದು. ಕಳೆದ ಹತ್ತು ವರ್ಷಗಳ ಒಳಗೆ ಸ್ಕಾಟ್ಲೆಂಡಿನ ಶಿಶುಪಾಲಕಿಯರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದುಹೋಗಿದೆ. ಕಾಗದದ ಹೊರೆಯೂ ಅದಕ್ಕೆ ಮುಖ್ಯ ಕಾರಣವೆಂದು ಆ ವೃತ್ತಿಯವರೇ ಹೇಳುತ್ತಾರೆ. ಅರ್ಹತೆಯನ್ನು ಹುಡುಕುತ್ತ ಹೋಗಿ ಅರ್ಹರನ್ನೇ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ. ಕಲಿಯಬೇಕೆಂದು ವಿಧಿಸುವವರು ಕಲಿಯುವುದಕ್ಕೆ ಬೇಕಾದ ಹೊತ್ತನ್ನೂ ಕೊಡಬೇಕು. ಒಂದೇ ಸಂಗತಿಯನ್ನು ಮೂರು ಕಡೆ ಬರೆಸುವುದನ್ನು ನಿಲ್ಲಿಸಬೇಕು. ಕೂಸಿನ ಮೇಲಿನ ಕಣ್ಣನ್ನು ಕಾಗದದ ಮೇಲಕ್ಕೆ ಎಳೆಯುವ ಬರಹ ವ್ಯರ್ಥ; ಕಾಗದದಿಂದ ಕಣ್ಣನ್ನು ಕೂಸಿನ ಕಡೆಗೆ ತಿರುಗಿಸುವ ಬರಹವೇ ಸಾರ್ಥಕ.

ನಾವು ನವೆಂಬರಿನಲ್ಲಿ ಊರಿಗೆ ಹಿಂತಿರುಗಿದೆವು. ಹೊರಡುವ ಮುನ್ನ ಆಕೆಯಲ್ಲಿಗೆ ಹೋಗಿ, “ತಾಯಿ, ಮೀನಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಬಿಡಬೇಡಿರಿ, ಮುಗಿಸಿರಿ,” ಎಂದು ಕೇಳಿಕೊಂಡೆವು. ಆಕೆ ನಕ್ಕು, ಆ ಹುಡುಗನು ಈಗ ಮನೆಗೆ ಹೋಗುವಾಗಲೂ ಬೂಟು ಹಾಕಿಕೊಳ್ಳಲೊಲ್ಲನೆಂದೂ ಇನ್ನೊಂದು ವೃತ್ತಾಂತ ಬರೆಯಬೇಕಾಗಿದೆಯೆಂದೂ ಹೇಳಿದರು. ಮುಂದಿನ ವರ್ಷದ ಕೊನೆಯಲ್ಲಿ, ಅವರು ಅರ್ಹತೆ ಪಡೆದರೆಂದು ಮಗಳು ದೂರವಾಣಿಯಲ್ಲಿ ತಿಳಿಸಿದಳು. ನಮ್ಮ ಮನೆಯವರು ಅಂದು ದೇವರಿಗೆ ತುಪ್ಪದ ದೀಪ ಹಚ್ಚಿದರು.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ ಹೊಸದಲ್ಲ. 1975ನೆಯ ಇಸವಿ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆ ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಾಗಿಲು ತೆರೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಚೆಗೆ ಗ್ರಾಮಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಹುಟ್ಟಿವೆ; ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ಅಲ್ಲಿ ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುತ್ತಾರೆ. ಪಟ್ಟಣಗಳಲ್ಲಿ ನಮ್ಮನಿಮ್ಮ ಮನೆಗಳ ಕೂಸುಗಳನ್ನು ನೆರೆಮನೆಯಾಕೆಯೋ ಕೆಲಸದಾಕೆಯೋ ನೋಡಿಕೊಳ್ಳುವುದು ಸಾಮಾನ್ಯವಾಗಿದೆ. ಅಂಥವರನ್ನು ನಾವು ಕೇಳುವುದು ಸಂಬಳ ಎಷ್ಟೆಂಬ ಒಂದೇ ಪ್ರಶ್ನೆ. ಮಗು ಅತ್ತಾಗ ಏನು ಮಾಡುವಿರಿ, ಉಣ್ಣದಿದ್ದರೆ ಏನು ಹೇಳುವಿರಿ ಎಂದು ಕೇಳುವವರು ಎಷ್ಟು ಮಂದಿ? ಅವರಿಗೆ ಕಲಿಯುವ ಅವಕಾಶವನ್ನೂ ಕಲಿತಮೇಲೆ ಗೌರವವನ್ನೂ ಕೊಡುವವರು ಎಷ್ಟು ಮಂದಿ?

ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ಮಗುವೊಂದು ಕಾರಣ ತಿಳಿಯದ ಹಟ ಹಿಡಿದರೆ, ಗುಮ್ಮನನ್ನು ಕರೆಯುವ ಮೊದಲು, ಮೂರು ದಿನ ಸುಮ್ಮನೆ ನೋಡಿರಿ. ಕಂಡದ್ದನ್ನು ನಾಲ್ಕು ಸಾಲು ಬರೆದಿಡಿರಿ. ಇದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ನಾವು ಈಗ ಬೀದಿಯ ಮಕ್ಕಳಿಗೆ ಸಂಜೆಯ ಹೊತ್ತು ಅಮರಕೋಶ ಹೇಳಿಕೊಡುತ್ತಿದ್ದೇವೆ. ಒಬ್ಬ ಹುಡುಗನು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕೂರುತ್ತಾನೆ. ಇರಲಿ ಎಂದು ಬಿಟ್ಟಿದ್ದೇವೆ, ಇನ್ನೂ ನೋಡುತ್ತಿದ್ದೇವೆ.